ಫೋಟೋ ಇಲ್ಲದ ಕವರಿನಲ್ಲಿ ಕಟ್ಟಿದ ಊಟ

ಬಿಸಿಬೇಳೆಬಾತ್ ಮಾಡಿದ ದೊಡ್ಡ ತಪ್ಪಲೆ ತಳ ಹಿಡಿದಿತ್ತು. ಅದನ್ನು ಹಿತ್ತಲಲ್ಲಿ ಮಗ್ಗುಲಾಗಿ ಮಲಗಿಸಿಕೊಂಡು ಉಜ್ಜುತ್ತಿದ್ದಾಗ ನಮ್ಮ ಯಜಮಾನರ ಫೋನ್ ಬಂತು. ಒದ್ದೆ ಕೈಯಲ್ಲೇ ಎತ್ತಿಕೊಂಡೆ.

"ಇಸ್ತ್ರಿ ಸೆಲ್ವಂ ಕೈ ಮುರಿದ್ಹಾಕಿದ್ದಾರೆ ಕಣೇ. ಗಾಡಿ ಮಗುಚಿ, ಕೆಂಡ ಎಲ್ಲ ಬಟ್ಟೆ ಮೇಲೆ ಸುರಿದಿದ್ದಾರೆ" ಅಂದರು.

ಕೈಯಲ್ಲಿದ್ದ ನಾರು ಕೆಳಗೆ ಬಿತ್ತು. ಸೆಲ್ವಂ ಹೇಗಿದ್ದಾನೆಂದು ನಾನು ಕೇಳಬೇಕಾಗಿತ್ತು. ಆದರೆ ನನ್ನ ಬಾಯಲ್ಲಿ ಬಂದದ್ದು, "ಯಾವಾಗ?" ಎಂಬ ಮಾತು. ಅವರು ಹೇಳಿದ ಹೊತ್ತು, ಆ ದಿನ ನಾವು ಊಟದ ಗಾಡಿಯನ್ನು ಕೆರೆ ಹಿಂದಿನ ಒಂದು ಖಾಲಿ ಸೈಟಿಗೆ ಒಯ್ಯುವುದಕ್ಕಿಂತ ಸ್ವಲ್ಪ ಮುಂಚಿನದು.

ಕೊರೋನಾ ಕಳೆದು ಸಭೆ ಸಮಾರಂಭಗಳು ಮತ್ತೆ ಜೋರಾಗಿ ಶುರುವಾದ ಮೊದಲ ಶ್ರಾವಣ ಅದು. ವೃತ್ತಿಯ ಅನುಭವ ಬರೆಯುವವರು ಮೊದಲು ತಮ್ಮ ಹುದ್ದೆ ಹೇಳುತ್ತಾರೆ. ನಾನು ಗೃಹಿಣಿ. ಅದರ ಜೊತೆಗೆ ಕಗ್ಗದಾಸಪುರದ ನಮ್ಮ ಮನೆಯ ಹಿಂದಿನ ಶೀಟಿನ ಶೆಡ್ಡಿನಲ್ಲಿ ಮೂವರು ಹೆಂಗಸರೊಡನೆ ಸಭೆಗಳಿಗೆ, ಗೃಹಪ್ರವೇಶಗಳಿಗೆ ಊಟದ ಪೊಟ್ಟಣ ಕಟ್ಟಿಕೊಡುತ್ತೇನೆ. ಯಜಮಾನರು ವಿಮಾನಪುರದ ಕಡೆ ಒಂದು ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾದವರು. ಮೂವರಲ್ಲಿ ನನಗೆ ಬಲಗೈಯಂತಿದ್ದವಳು ಶರಣಮ್ಮ. ಕಲಬುರಗಿ ಕಡೆಯವಳು, ಪಕ್ಕದ ಗಲ್ಲಿಯಲ್ಲಿ ಬಾಡಿಗೆ ರೂಮು. ಅವಳ ತಮ್ಮ ಬಸವರಾಜ ಸೆಂಟ್ರಿಂಗ್ ಕೆಲಸದವನು. ಕೆಲಸವಿಲ್ಲದ ದಿನ ಯಾರು ಕರೆದರೂ ಬಾವುಟ ಹಿಡಿದು ಹೋಗುತ್ತಿದ್ದ.

ನಮಗೆ ಹೆಚ್ಚಿನ ಆರ್ಡರ್ ಕೊಡುತ್ತಿದ್ದವರು ನಮ್ಮ ವಾರ್ಡಿನ ಮಾಜಿ ಕಾರ್ಪೊರೇಟರ್. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು, ನಾನೂ ಅದೇ ಅನ್ನುತ್ತಿದ್ದೆ. ಕೊರೋನಾದಲ್ಲಿ ಯಜಮಾನರಿಗೆ ಉಸಿರು ಸಿಕ್ಕಿಹಾಕಿಕೊಂಡಾಗ ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಿದ್ದು ಅವರೇ. ನನ್ನ ಕುಂಕುಮ ಉಳಿದದ್ದು ದೇವರ ದಯೆಯಿಂದ, ಸರಿ. ಆದರೆ ದೇವರು ಆ ದಿನ ಅವರ ಫೋನಿನ ಮೂಲಕವೇ ಬಂದಿದ್ದ. ಮುಂದಿನದನ್ನು ಓದುವಾಗ ಇದೂ ನೆನಪಿರಲಿ.

ಅಣ್ಣನಿಗೆ ಫೋಟೋ ಎಂದರೆ ಪ್ರಾಣ. ಬಸ್ ಸ್ಟ್ಯಾಂಡಿನಲ್ಲಿ, ಆಟೋದ ಬೆನ್ನಿನ ಮೇಲೆ, ಗಣೇಶನ ಪೆಂಡಾಲಿನಲ್ಲಿ ಗಣೇಶನಿಗಿಂತ ದೊಡ್ಡದಾಗಿ ಅವರ ಮುಖ. ಊಟ ಕಟ್ಟುವುದಕ್ಕೂ ಕೈಮುಗಿದ ಫೋಟೋ ಅಚ್ಚು ಹಾಕಿಸಿದ ಕವರುಗಳನ್ನು ಕಟ್ಟುಗಟ್ಟಲೆ ಕಳಿಸಿಬಿಡುತ್ತಿದ್ದರು. ನಮ್ಮ ಏರಿಯಾದಲ್ಲಿ ಸೊಪ್ಪು ತರುವುದೂ ಅದರಲ್ಲೇ, ಕಸ ಕಟ್ಟಿಡುವುದೂ ಅದರಲ್ಲೇ.

ಅದೇ ಶ್ರಾವಣದಲ್ಲಿ ಸೆಲ್ವಂ ಒಂದು ವಿಡಿಯೋ ಮಾಡಿದ. ಹಲಸೂರಿನಲ್ಲಿ ಹುಟ್ಟಿ ನಮ್ಮ ಕಡೆ ಬಂದು ನೆಲೆಸಿದವನು. ಬೇವಿನ ಮರದ ಕೆಳಗೆ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯ ಗಾಡಿ. ಚರಂಡಿ ನೀರು ಗಾಡಿಯ ಚಕ್ರದ ತನಕ ನಿಂತದ್ದನ್ನು ತೋರಿಸಿ, ಅಣ್ಣ ಬೋರ್ಡಿಗೆ ಖರ್ಚು ಮಾಡುವ ಪೇಂಟಿನ ದುಡ್ಡಿನಲ್ಲಿ ಈ ಮೋರಿಗೊಂದು ಮುಚ್ಚಳ ಬರುತ್ತಿತ್ತು ಎಂದು ನಗುತ್ತಲೇ ಹೇಳಿದ್ದ. ಅದು ಎಲ್ಲರ ಮೊಬೈಲಿಗೂ ಬಂತು. ನಾನೂ ನೋಡಿ ನಕ್ಕಿದ್ದೆ.

ಕೆಲವು ದಿನಗಳ ನಂತರ ಅಣ್ಣ ತಾವೇ ಫೋನ್ ಮಾಡಿದರು. ಸಾಮಾನ್ಯವಾಗಿ ಅವರ ಆಫೀಸಿನವರು ಮಾಡುತ್ತಿದ್ದರು. ಅವರ ಮಾತು ನನಗೆ ಈಗಲೂ ಹಾಗೇ ಕೇಳಿಸುತ್ತದೆ.

"ಅಕ್ಕಾ, ನಾಳೆ ಮೀಟಿಂಗಿದೆ. ಊಟ ಸ್ಟೇಜ್ ಹತ್ರ ಬೇಡ, ಕೆರೆ ಹಿಂದಿನ ಖಾಲಿ ಸೈಟಿಗೆ ಕಳಿಸ್ಬಿಡಿ. ಹುಡುಗ್ರು ಕೆಲಸ ಮುಗಿಸ್ಕೊಂಡು ಅಲ್ಲಿಗೇ ಬರ್ತಾರೆ. ಮತ್ತೆ, ನನ್ನ ಫೋಟೋ ಇರೋ ಕವರ್ ಬೇಡ, ಪ್ಲೇನ್ ಕವರಲ್ಲಿ ಕಟ್ಸಿ."

ನಾನು ಕೇಳಿದ್ದು ಒಂದೇ. "ಶ್ರಾವಣ ಅಲ್ವಾ ಅಣ್ಣಾ, ಈರುಳ್ಳಿ ಹಾಕ್ಲಾ ಬೇಡ್ವಾ?"

"ಹಾಕಿ ಅಕ್ಕಾ. ಖಾರ ಸ್ವಲ್ಪ ಮುಂದಿರ್ಲಿ."

ಮೀಟಿಂಗಿಗೆ ಬರುವವರಿಗೆ ಮೀಟಿಂಗೇ ಕೆಲಸ, ಅದನ್ನು ಮುಗಿಸಿ ಮಾಡುವ ಬೇರೆ ಕೆಲಸ ಯಾವುದೆಂದು ನನಗೆ ಹೊಳೆಯಲಿಲ್ಲ. ಗಣೇಶನಿಗಿಂತ ದೊಡ್ಡದಾಗಿ ಕಾಣಿಸಬೇಕೆನ್ನುವ ಮನುಷ್ಯ ಒಂದು ದಿನ ಯಾಕೆ ಕಾಣಿಸಬಾರದು ಎನ್ನುತ್ತಾರೆ ಎಂದೂ ಯೋಚಿಸಲಿಲ್ಲ. ಅಡುಗೆಯವಳಿಗೆ ಎಷ್ಟು ಜನ, ಎಲ್ಲಿ, ಯಾವಾಗ, ಈರುಳ್ಳಿ ಉಂಟೋ ಇಲ್ಲವೋ ತಿಳಿದರೆ ಸಾಕು ಎಂಬುದು ನನ್ನ ವೃತ್ತಿಯ ಪಾಠವಾಗಿತ್ತು.

ಮರುದಿನ ಕಟ್ಟುವಾಗ ಪ್ಲೇನ್ ಕವರು ಸಾಲದೆ ಹೋಯಿತು. ಶರಣಮ್ಮ ನನ್ನನ್ನು ಕೇಳದೆ ಕೊನೆಯ ಪೊಟ್ಟಣಗಳನ್ನು ಅಣ್ಣನ ಫೋಟೋ ಇರುವ ಹಳೆಯ ಕವರುಗಳಿಗೆ ತುಂಬಿದಳು. ಇದ್ದದ್ದನ್ನು ಬಿಟ್ಟು ಅಂಗಡಿಗೆ ಓಡುವವಳಲ್ಲ ಅವಳು. ಅಣ್ಣನ ಮುಖ ಅಣ್ಣನಿಗೇ ಹೋಗುತ್ತದೆ, ತಪ್ಪೇನು ಎಂದು ಅವಳ ಲೆಕ್ಕ. ನಾನು ನೋಡಿದೆ, ಸುಮ್ಮನಾದೆ.

ನಮ್ಮ ಶೆಡ್ಡಿನಲ್ಲಿ ಎರಡು ಪದ್ಧತಿ. ಅನ್ನಪೂರ್ಣೇಶ್ವರಿಗೆ ತೋರಿಸದೆ ಪೊಟ್ಟಣ ಕಟ್ಟುವುದಿಲ್ಲ. ಕೈ ತೊಳೆಯದವರಿಗೆ ಪೊಟ್ಟಣ ಕೊಡುವುದಿಲ್ಲ. ಕಟ್ಟಡ ಕೆಲಸದವರು ಸಿಮೆಂಟಿನ ಕೈಯಲ್ಲೇ ಉಣ್ಣುವುದನ್ನು ನೋಡಿ ಮಾಡಿಕೊಂಡದ್ದು. ಹಾಗಾಗಿ ಗಾಡಿಯಲ್ಲಿ ಯಾವಾಗಲೂ ನೀರಿನ ಕ್ಯಾನು, ಒಂದು ಚೊಂಬು.

ಖಾಲಿ ಸೈಟಿಗೆ ಅವರು ಗುಂಪಾಗಿ ಬಂದರು, ಬೆವರು, ಏದುಸಿರು. ಕೆಲವರು ನಗುತ್ತಿದ್ದರು. ಬಸವರಾಜ ಮುಂದೆ ನಿಂತಿದ್ದ. ಅವನ ಎರಡು ಕೈಯೂ ಮೊಣಕೈ ತನಕ ಕಪ್ಪು. ಇದ್ದಿಲು ಹೊತ್ತೆಯೇನಪ್ಪಾ ಎಂದು ಕೇಳಿದೆ. ಕೆಲಸ ಇತ್ರಿ ಎಂದು ನೆಲ ನೋಡಿಕೊಂಡೇ ಹೇಳಿದ. ನಾನು ಚೊಂಬಿನಲ್ಲಿ ನೀರು ಹಾಕಿದೆ. ಅವನು ಉಜ್ಜಿ ಉಜ್ಜಿ ತೊಳೆದುಕೊಂಡ. ಕಪ್ಪು ನೀರು ನನ್ನ ಚಪ್ಪಲಿಯ ಕೆಳಗೆ ಹರಿದು ಹೋಯಿತು. ಆಮೇಲೆ ಪೊಟ್ಟಣ ಕೊಟ್ಟು, ಹೊಟ್ಟೆ ತುಂಬ ತಿನ್ನು ಎಂದೆ.

ಅಲ್ಲಿಂದ ಮನೆಗೆ ಬಂದು ತಪ್ಪಲೆ ಉಜ್ಜಲು ಕೂತಾಗಲೇ ಫೋನ್ ಬಂದದ್ದು.

ಆ ಸೈಟಿನಲ್ಲಿ ಬಿದ್ದಿದ್ದ ಫೋಟೋ ಕವರುಗಳು ಪೊಲೀಸರನ್ನು ನಮ್ಮ ಶೆಡ್ಡಿಗೆ ಕರೆತಂದವು. ಅಣ್ಣನ ಸಭೆಗಳಿಗೆ ಊಟ ಕಟ್ಟುವವಳು ನಾನೆಂದು ಏರಿಯಾಕ್ಕೆಲ್ಲ ಗೊತ್ತಿತ್ತು. ಇನ್ಸ್‌ಪೆಕ್ಟರು ಮರ್ಯಾದೆಯವರು. ಊಟ ಕೊಟ್ಟವರು ನೀವೇನಾ, ತೆಗೆದುಕೊಂಡವರು ಯಾರು ಎಂದು ಕೇಳಿದರು. ಬಸವರಾಜನ ಹೆಸರು ಹೇಳಿದೆ. ಕೈ ಕಪ್ಪಾಗಿತ್ತು, ನಾನೇ ನೀರು ಹಾಕಿದೆ ಎಂದೂ ಹೇಳಿದೆ. ಆರ್ಡರ್ ಎಲ್ಲಿಂದ ಬಂತು ಎಂದರು. ಅಣ್ಣನ ಆಫೀಸಿನಿಂದ ಎಂದೆ. ಪೂರ್ತಿ ಸುಳ್ಳಲ್ಲ, ಯಾವಾಗಲೂ ಅಲ್ಲಿಂದಲೇ ಬರುತ್ತಿತ್ತಲ್ಲ. ಫೋನಿನಲ್ಲಿ ಕೇಳಿದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಯಜಮಾನರು ಒಳಗಿನ ಕೋಣೆಯಲ್ಲಿ ಕೆಮ್ಮಿದರು. ಆ ಆಸ್ಪತ್ರೆಯ ಹಾಸಿಗೆ ನೆನಪಾಯಿತು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಕಾಫಿ ತರಲು ಎದ್ದುಬಿಟ್ಟೆ.

ಬಸವರಾಜ ಮತ್ತು ಇನ್ನು ಕೆಲವರು ಜೈಲಿಗೆ ಹೋದರು. ಚಾರ್ಜ್‌ಶೀಟಿನಲ್ಲಿ ಅಣ್ಣನ ಹೆಸರೇ ಇರಲಿಲ್ಲ. ಆ ದಿನದ ಮೀಟಿಂಗಿನಲ್ಲಿ ಅವರು ಮಾಡಿದ ಭಾಷಣದ ವಿಡಿಯೋವನ್ನು ಪೊಲೀಸರು ನೋಡಿದ್ದರು. ಅದರಲ್ಲಿ ಅಣ್ಣ, ನನ್ನನ್ನು ಅಂದವರಿಗೆ ಉತ್ತರ ಕೊಡೋದು ನನ್ನ ಕೆಲಸ ಅಲ್ಲ, ನೀವಿದ್ದೀರಿ ಎಂದಿದ್ದರು. ಅದರ ಹಿಂದೆಯೇ, ಎಲ್ಲರೂ ಶಾಂತಿಯಿಂದಿರಿ ಎಂದು ಕೈ ಮುಗಿದಿದ್ದರು. ಗಾಡಿ ಮಗುಚುವಾಗ ಅವರು ಇನ್ನೂ ಸ್ಟೇಜಿನ ಮೇಲೆ ಶಾಲು ಹೊದ್ದು ಕೂತಿದ್ದರು.

ಸೆಲ್ವಂನ ಬಲಗೈಗೆ ರಾಡು ಹಾಕಿದರು. ಸುಟ್ಟ ಬಟ್ಟೆಗಳು ಅವನವಲ್ಲ, ನಮ್ಮೆಲ್ಲರವು. ಕೈಗೆ ಕಟ್ಟು ಹಾಕಿಕೊಂಡೇ ಮನೆ ಮನೆಗೆ ಬಂದು ಕ್ಷಮೆ ಕೇಳಿದ. ನಮ್ಮ ಬಾಗಿಲಲ್ಲೂ ನಿಂತು, "ಸಾರ್‌ದು ಎರಡು ಶರಟು ಹೋಯ್ತಕ್ಕಾ" ಎಂದ. ಅವನನ್ನು ಒಳಗೆ ಕರೆದು ಕೂರಿಸುವ ಮುಖ ನನಗಿರಲಿಲ್ಲ.

ಜೈಲಿಗೆ ಹೋಗಿ ತಮ್ಮನನ್ನು ನೋಡಿ ಬಂದ ದಿನ ಶರಣಮ್ಮ ಬೆಳ್ಳುಳ್ಳಿ ಬಿಡಿಸುತ್ತ, ತಲೆ ಎತ್ತದೆ ಕೇಳಿದಳು. "ನನ್ನ ತಮ್ಮನ ಹೆಸರ ಹೇಳಾಕ ನಿಮಗ ಬಾಯಿ ಬಂತು. ಅವರ ಹೆಸರ ಹೇಳಾಕ ಯಾಕ ಬರ್ಲಿಲ್ರಿ ಅಕ್ಕಾರ?"

ಅಣ್ಣ ಫೋನ್ ಮಾಡಿದಾಗ ಅವಳು ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು. ಸ್ಪೀಕರ್ ಹಾಕಿರಲಿಲ್ಲ, ಅವರ ಮಾತು ಅವಳಿಗೆ ಕೇಳಿರಲಿಲ್ಲ. ಆದರೆ ನಾನು ಅಣ್ಣಾ ಎಂದದ್ದು ಕೇಳಿತ್ತು.

ಸೋಮವಾರ ಹಲಸೂರಿನ ಸೋಮೇಶ್ವರನ ಗುಡಿಗೆ ಹೋದೆ. ಪ್ರದಕ್ಷಿಣೆ ಹಾಕಿ ಕೂತೆ. ದೇವರು ಏನೂ ಹೇಳಲಿಲ್ಲ. ಶರಣಮ್ಮ ಕೇಳಿದ ಮೇಲೆ ದೇವರು ಬೇರೆ ಹೇಳಬೇಕಾಗಿಯೂ ಇರಲಿಲ್ಲ.

ಸಾಕ್ಷಿ ಹೇಳುವ ಮುಂಚೆ ಸರ್ಕಾರಿ ವಕೀಲರಾದ ಹೆಣ್ಣುಮಗಳಿಗೆ ಫೋನಿನ ಮಾತು ಪೂರ್ತಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಹಾಗಾದರೆ ಅಣ್ಣನೂ ತಪ್ಪಿತಸ್ಥರಲ್ಲವೇ ಎಂದೆ. ಅವರು ನನಗೆ ತಿಳಿಯುವಂತೆ ವಿವರಿಸಿದರು. ಹಿಂಬಾಲಕ ಕಲ್ಲು ಎಸೆದ ಎಂಬ ಒಂದೇ ಕಾರಣಕ್ಕೆ ಕಾನೂನು ನಾಯಕನನ್ನು ಹಿಡಿಯುವುದಿಲ್ಲ. ಮಾಡಿ ಎಂದು ಪ್ರಚೋದಿಸಿರಬೇಕು, ಇಲ್ಲವೇ ಗೊತ್ತಿದ್ದೇ ನೆರವಾಗಿರಬೇಕು, ಇಲ್ಲವೇ ಮೊದಲೇ ಕೂಡಿ ಮಾತಾಡಿಕೊಂಡಿರಬೇಕು, ಅದಕ್ಕೆ ಒಳಸಂಚು ಎಂದು ಹೆಸರು. ಅದು ಸಾಕ್ಷ್ಯದಿಂದ ನಿಲ್ಲಬೇಕು. ನನಗೆ ಸಿಟ್ಟು ಬಂತು. ಅವರು ನಕ್ಕರು.

"ಹಾಗಿಲ್ದಿದ್ರೆ ಏನಾಗುತ್ತೆ ಗೊತ್ತಾ ಅಮ್ಮಾ? ಆಗದವನು ನಿಮ್ಮ ನಾಯಕನ ಶಾಲು ಹಾಕ್ಕೊಂಡು ಒಂದು ಕಲ್ಲೆಸೆದ್ರೆ ಸಾಕು, ಅವರು ಒಳಗೆ."

ಅದೂ ನ್ಯಾಯವೇ ಅನ್ನಿಸಿತು. ಕಾನೂನು ಕೆಟ್ಟದ್ದೆಂದು ಬೈದು ಹಗುರಾಗುವ ದಾರಿಯೂ ನನಗೆ ಮುಚ್ಚಿತು.

ಕೋರ್ಟಿನಲ್ಲಿ ಎಲ್ಲ ಹೇಳಿದೆ. ವಿಚಾರಣೆಯಲ್ಲಿ ಹೊಸ ಸಾಕ್ಷ್ಯ ಬಂದರೆ ಚಾರ್ಜ್‌ಶೀಟಿನಲ್ಲಿ ಇಲ್ಲದವರನ್ನೂ ಆರೋಪಿಯಾಗಿ ಕರೆಸುವ ಅಧಿಕಾರ ನ್ಯಾಯಾಧೀಶರಿಗೆ ಇದೆಯಂತೆ. ಅಣ್ಣನಿಗೆ ಸಮನ್ಸ್ ಹೋಯಿತು. ಅಂದಿನಿಂದ ನಮಗೆ ಅವರ ಆರ್ಡರ್ ನಿಂತಿತು, ಅದು ನಿರೀಕ್ಷಿಸಿದ್ದೇ. ಅವರ ಕಡೆಯವನೊಬ್ಬ ಬಂದು, ಅಣ್ಣ ನಿಮ್ಮನ್ನು ತುಂಬ ನೆನೆಸ್ಕೋತಾರೆ, ಸಾರ್ ಆರೋಗ್ಯ ಹೇಗಿದೆ ಎಂದು ವಿಚಾರಿಸಿಕೊಂಡು ಹೋದ. ಹೆದರಿಸಲಿಲ್ಲ. ನನಗೆ ಹೆದರಿಕೆಯಾಯಿತು.

ಹೊಸ ಆರೋಪಿಯ ಮುಂದೆ ಸಾಕ್ಷಿಗಳು ಮತ್ತೆ ಹೇಳಬೇಕು. ಎರಡನೆಯ ಸಲ ನಾನು ನಿಂತಾಗ ಅಣ್ಣ ಆರೋಪಿಗಳ ಜಾಗದಲ್ಲಿ, ಬಸವರಾಜನಿಂದ ಒಂದು ಮಾರು ದೂರದಲ್ಲಿ ನಿಂತಿದ್ದರು. ನನ್ನನ್ನು ನೋಡಿ ಅಭ್ಯಾಸದಂತೆ ಕೈಮುಗಿದರು. ನನ್ನ ಕೈಯೂ ಅಭ್ಯಾಸದಂತೆ ಮೇಲೆದ್ದಿತು.

ಅವರ ವಕೀಲರು ಕವರಿನ ವಿಷಯವನ್ನು ಒಂದೇ ಏಟಿಗೆ ಮುಗಿಸಿದರು. ಈ ಕವರು ವಾರ್ಡಿನ ಮನೆ ಮನೆಯಲ್ಲೂ ಇದೆ ತಾನೇ ಎಂದರು. ಹೌದೆಂದೆ. ಕಾಲ್ ರೆಕಾರ್ಡಿನಲ್ಲಿ ಕರೆ ಬಂದದ್ದಷ್ಟೇ ಇತ್ತು, ಆಡಿದ ಮಾತಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಯಾರನ್ನಾದ್ರೂ ಹೊಡೀತಾರೆ ಅಂತ ಹೇಳಿದ್ರಾ?"

"ಇಲ್ಲ. ಕೆಲಸ ಮುಗಿಸ್ಕೊಂಡು ಬರ್ತಾರೆ ಅಂದ್ರು."

"ಈ ಮಾತನ್ನ ಪೊಲೀಸರ ಮುಂದೆ ಯಾಕೆ ಹೇಳಲಿಲ್ಲ?"

"ಅವರ ಋಣ ಇತ್ತು" ಎಂದೆ.

"ಋಣ ಇದ್ದಾಗ ಒಂದು ಹೇಳಿಕೆ, ತೀರಿದ ಮೇಲೆ ಇನ್ನೊಂದು" ಎಂದು ಅವರು ನ್ಯಾಯಾಧೀಶರ ಕಡೆ ನೋಡಿ ಕೂತರು.

ತೀರ್ಪು ಕಳೆದ ವರ್ಷ ಬಂತು. ಬಸವರಾಜನ ಕೈಯಲ್ಲಿದ್ದ ಇದ್ದಿಲಿನ ಬಗ್ಗೆ ನಾನು ಮೊದಲ ದಿನದಿಂದ ಒಂದೇ ಮಾತು ಹೇಳಿದ್ದೆ, ಅದನ್ನು ನಂಬಿದರು. ಅಣ್ಣನ ಫೋನಿನ ಬಗ್ಗೆ ತಡವಾಗಿ ಹೇಳಿದ್ದೆ, ಅದನ್ನು ಪೂರ್ತಿ ನಂಬಲಾಗದು ಎಂದರು. ಅನುಮಾನ ಎಷ್ಟೇ ಬಲವಾಗಿದ್ದರೂ ಅದು ಪುರಾವೆಯಲ್ಲ ಎಂದು ಬರೆದು ಅಣ್ಣನನ್ನು ಬಿಟ್ಟರು. ಬಸವರಾಜನಿಗೂ ಜೊತೆಯವರಿಗೂ ಶಿಕ್ಷೆಯಾಯಿತು. ಎರಡೂ ನನ್ನ ಬಾಯಿಂದಲೇ ಆದದ್ದು. ನ್ಯಾಯಾಧೀಶರನ್ನು ದೂರಲಾರೆ. ಸಣ್ಣವನ ಹೆಸರನ್ನು ಕೇಳಿದ ಕೂಡಲೇ ಕೊಟ್ಟವಳು, ದೊಡ್ಡವರ ಮಾತನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡವಳು ನಾನು.

ದೇವರು ಪೂರ್ತಿ ಕೈ ಬಿಡಲಿಲ್ಲ. ಮೇಲ್ಮನವಿ ಹಾಕಿದ ಮೇಲೆ ಬಸವರಾಜನಿಗೆ ಜಾಮೀನು ಸಿಕ್ಕಿತು. ಅಣ್ಣನ ಬಿಡುಗಡೆಯನ್ನೂ ಸರ್ಕಾರದ ಕಡೆಯವರು ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಸೆಲ್ವಂನ ಬೆರಳು ಮಡಿಸಲು ಬರುತ್ತವೆ, ಈಗ ಹಗುರವಾದ ಕರೆಂಟಿನ ಪೆಟ್ಟಿಗೆ ಹಿಡಿಯುತ್ತಾನೆ. ಅವನಿಗೆ ತೀರ್ಪು ಹೇಳಲು ಹೋದಾಗ, "ಬಿಡಕ್ಕಾ. ಅವರು ಪಂಚೆ ಸರಿಮಾಡ್ಕೊಂಡು ಜಡ್ಜ್ ಮುಂದೆ ನಿಂತಿದ್ದು ನೋಡಿದ್ನಲ್ಲ, ನಮ್ಮಪ್ಪನ ಕಾಲ್ದಲ್ಲಿ ಅದೂ ಇರ್ಲಿಲ್ಲ" ಎಂದು ಯಜಮಾನರ ಶರಟಿನ ಕಾಲರು ತಿರುವಿಹಾಕಿದ.

ಈಗ ಯಾರೇ ಆರ್ಡರ್ ಕೊಟ್ಟರೂ ಯಾವ ಕಾರ್ಯಕ್ರಮ, ಬರುವವರು ಊಟಕ್ಕೆ ಮುಂಚೆ ಏನು ಮಾಡುತ್ತಾರೆ ಎಂದು ಕೇಳುತ್ತೇನೆ. ಮೊನ್ನೆ ಹೊರಮಾವಿನಿಂದ ಒಬ್ಬರು, ನಾಮಕರಣ ಕಣಮ್ಮಾ, ಊಟಕ್ಕೆ ಮುಂಚೆ ಮಗು ಅಳುತ್ತೆ ಎಂದರು. ನಗಲಿ. ಬಡಿಸುವ ಕೈಗೆ ಪುಣ್ಯ ಬರುತ್ತದೆ ಎಂದು ನಂಬಿದವಳು ಅದೇ ಕೈಗೆ ಪಾಪವೂ ಬರಬಹುದೆಂದು ನಂಬಬೇಕು. ನಾಯಕರ ಹೊಣೆಯನ್ನು ಕೋರ್ಟು ಅಳೆಯುತ್ತದೆ. ಆದರೆ ಕೋರ್ಟಿಗೆ ಅಳತೆಗೋಲು ಕೊಡಬೇಕಾದವರು ನಮ್ಮಂಥವರು, ಅದೂ ಕೇಳಿದ ದಿನವೇ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ತೀರ್ಪಿನ ನಂತರ ಬಹಳ ದಿನ ಶರಣಮ್ಮ ಬರಲಿಲ್ಲ. ನಾನು ಕರೆಯಲೂ ಇಲ್ಲ. ಯಾವ ಬಾಯಲ್ಲಿ ಕರೆಯುವುದು? ಒಂದು ಬೆಳಗ್ಗೆ ತಾನೇ ಬಂದು ಸೆರಗು ಸಿಕ್ಕಿಸಿ ಈಳಿಗೆ ಮಣೆಯ ಮುಂದೆ ಕೂತು, ಕುಂಬಳಕಾಯಿ ಎಳೆದುಕೊಂಡಳು. ನಾನು ಕಾಫಿ ತಂದು ಪಕ್ಕದಲ್ಲಿಟ್ಟೆ. ಅವಳು ಒಂದು ಹೋಳು ಹೆಚ್ಚಿ ನಿಲ್ಲಿಸಿದಳು.

"ನೀವು ಸುಳ್ಳ ಹೇಳಿಲ್ರಿ ಅಕ್ಕಾರ" ಎಂದಳು. "ಅದಕ್ಕ ನಿಮ್ಮ ಮ್ಯಾಲ ಸಿಟ್ಟ ಹೆಂಗ ಮಾಡ್ಕೊಳ್ಲಿ ತಿಳೀವಲ್ದು. ಮಾಡ್ಕೊಳ್ದ ಇರಾಕೂ ಆಗವಲ್ದು."

ಅಷ್ಟರಲ್ಲಿ ಹೊರಗೆ ನಲ್ಲಿಯಲ್ಲಿ ಕಾವೇರಿ ನೀರು ಬಂತು. ನಿಂತುಬಿಡುವ ಮುಂಚೆ ಡ್ರಮ್ಮು ತುಂಬಬೇಕಿತ್ತು. ಪೈಪು ಎತ್ತಿಕೊಂಡು ಹೊರಟೆ.