ನಮ್ಮತ್ತೆ ಹೊಲಿಯದೆ ಬಿಟ್ಟ ಮೂಲೆ

ನಮ್ಮತ್ತೆಗೆ ಕಾರ್ಖಾನೆಯಲ್ಲಿ ಎಡಜೇಬು ಎಂದೇ ಹೆಸರು. ಸೈನಿಕರು ಅಂಗಿಯ ಮೇಲೆ ತೊಡುವ, ಗುಂಡು, ನೀರು, ಬ್ಯಾಂಡೇಜು ಎಲ್ಲವನ್ನೂ ಹೊರುವ ದಪ್ಪ ಬಟ್ಟೆಯ ತೋಳಿಲ್ಲದ ಜಾಕೀಟು ಅಲ್ಲಿ ತಯಾರಾಗುತ್ತಿತ್ತು. ಅದರ ಎಡಗಡೆಯ ಜೇಬು ಹೊಲಿಯುವುದು ಅತ್ತೆಯ ಕೆಲಸ. ಎದುರು ಮಷೀನಿನಲ್ಲಿ ಕೂರುತ್ತಿದ್ದ ಗೆಳತಿ ಬಲಜೇಬು. ಇಬ್ಬರೂ ಮದುವೆಗೆ ಮುಂಚೆಯೇ ಕೆಲಸಕ್ಕೆ ಸೇರಿದವರು. ಇಬ್ಬರೂ ಒಂದು ಇಡೀ ಜಾಕೀಟನ್ನು ಯಾವತ್ತೂ ಹೊಲಿದವರಲ್ಲ.

“ಎಷ್ಟು ಜನರನ್ನ ಯುದ್ಧಕ್ಕೆ ತಯಾರು ಮಾಡಿದೀನಿ ಗೊತ್ತಾ? ಆದ್ರೆ ಎಡಗಡೆ ಮಾತ್ರ” ಎನ್ನುತ್ತಿದ್ದರು ಅತ್ತೆ.

ಮಗುವನ್ನು ಎತ್ತಿಕೊಂಡು ಬೀದಿ ತಿರುವಿನ ಅಂಗಡಿಗೆ ಹೊರಟರೂ ನಾನು ನೀರಿನ ಬಾಟಲಿ, ಥರ್ಮಾಮೀಟರು, ಬದಲಿ ಬಟ್ಟೆ, ಅದು ಒದ್ದೆಯಾದರೆ ಇರಲಿ ಎಂದು ಇನ್ನೊಂದು ಬಟ್ಟೆ, ಛತ್ರಿ ಎಲ್ಲವನ್ನೂ ಚೀಲಕ್ಕೆ ತುರುಕುವವಳು. ಅತ್ತೆ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದರು: “ಹಾಲು ತರೋಕೆ ಹೊರಟೆಯೋ, ಗಡಿ ಕಾಯೋಕೆ ಹೊರಟೆಯೋ?”

ಹೀಗಿರುವಾಗ ಜಾಕೀಟು ಇನ್ನು ಬಂದ್ ಎಂಬ ಸುದ್ದಿ ಬಂತು. ಅತ್ತೆಗಿಂತ ಮೊದಲು ಗಾಬರಿಬಿದ್ದವಳು ನಾನು. ಹೊಸ ಉಡುಪಿನಲ್ಲಿ ಜೇಬೇ ಇಲ್ಲವಂತೆ. ಎದೆ ತುಂಬ ಬರೀ ಪಟ್ಟಿಗಳ ಸಾಲು. ಚೀಲಗಳು ಬೇರೆ. ಯಾರಿಗೆ ಯಾವತ್ತು ಯಾವುದು ಬೇಕೋ ಅದನ್ನಷ್ಟೇ ಪಟ್ಟಿಗೆ ಸಿಕ್ಕಿಸಿಕೊಂಡು ಹೋಗಬಹುದು, ಸೈನಿಕನ ಭಾರ ಇಳಿಯುತ್ತದೆ ಎಂದು ಮೇಲಿನವರು ಹೇಳಿದ್ದರು.

“ಭಾರ ಇಳಿಯುತ್ತಾ?” ಅತ್ತೆ ನನ್ನ ಚೀಲವನ್ನು ಓರೆಗಣ್ಣಿನಿಂದ ನೋಡಿದರು. “ಸಿಕ್ಕಿಸೋಕೆ ಜಾಗ ಕೊಟ್ರೆ ಯಾರು ಸುಮ್ನೆ ಬಿಡ್ತಾರೆ?”

ಹಾಗೇ ಆಯಿತು. ಪ್ರಯೋಗಕ್ಕೆಂದು ತೊಟ್ಟವರು ಇದ್ದಬದ್ದ ಚೀಲವನ್ನೆಲ್ಲ ಸಿಕ್ಕಿಸಿಕೊಂಡು ತುಂಬು ಬಸುರಿಯರ ಹಾಗೆ ನಡೆದರಂತೆ.

ನಗು ಬಂದರೂ ನಗುವ ಹಾಗಿರಲಿಲ್ಲ. ಪಟ್ಟಿ ಹೊಲಿಯುವುದಕ್ಕೆ ಕಂಪ್ಯೂಟರ್ ಮಷೀನು ಬಂದಿತ್ತು. ಜೇಬಿನವರಿಗೆ ಬೇರೆ ವಿಭಾಗದಲ್ಲಿ ಜಾಗ ಸಿಕ್ಕರೆ ಸರಿ, ಇಲ್ಲದಿದ್ದರೆ ಮನೆಗೆ. ಅತ್ತೆಯ ಪೂರ್ತಿ ಪಿಂಚಣಿಗೆ ಇನ್ನೊಂದು ವರ್ಷದ ಸರ್ವೀಸು ಬಾಕಿಯಿತ್ತು. ಈಗಲೇ ಕಳಿಸಿದರೆ ಅರ್ಧವೇ ಗತಿ.

ಅಷ್ಟರಲ್ಲಿ ಇನ್ನೊಂದು ತಲೆನೋವು. ಹೊಸ ಉಡುಪು ತೊಟ್ಟ ಸೈನಿಕರೆಲ್ಲ ಒಂದೇ ರಾಗ ಹಾಡಿದರಂತೆ: ಎಲ್ಲ ಚೆನ್ನಾಗಿದೆ, ಆದರೆ ಆ ಒಳಜೇಬು ಎಲ್ಲಿ? ಹಳೆಯ ಜಾಕೀಟಿನ ಎಡಜೇಬಿನ ಹಿಂದೆ, ಒಳಪದರದ ಅಸ್ತರಿಯೊಳಗೆ, ಎರಡು ಬೆರಳು ತೂರುವಷ್ಟು ಇತ್ತಲ್ಲ, ಅದು. ಅಧಿಕಾರಿಗಳು ಹಳೆಯ ನಕ್ಷೆಗಳನ್ನೆಲ್ಲ ಬಿಡಿಸಿ ನೋಡಿದರು. ಅಂಥ ಜೇಬು ಯಾವ ನಕ್ಷೆಯಲ್ಲೂ ಇರಲಿಲ್ಲ.

ಆ ಸಂಜೆ ಅತ್ತೆ ಕಾಫಿ ಲೋಟವನ್ನು ಹಾಗೇ ಆರಲು ಬಿಟ್ಟು ಕೂತಿದ್ದರು.

“ಅದು ಜೇಬಲ್ಲ ಕಣೆ” ಎಂದರು. “ನಾನು ಹೊಲಿಯದೆ ಬಿಟ್ಟ ಮೂಲೆ. ಬಟ್ಟೆ ಒತ್ತಿ ಹಿಡಿಯೋ ಮಷೀನಿನ ಪಾದ ಅಲ್ಲಿ ತಿರುಗ್ತಿರಲಿಲ್ಲ. ಒಂದ್ಸಲ ಬಿಟ್ಟೆ, ಯಾರೂ ಕೇಳಲಿಲ್ಲ. ಆಮೇಲೆ ಅದೇ ಅಭ್ಯಾಸ ಆಗ್ಹೋಯ್ತು.”

“ಎಷ್ಟು ಜಾಕೀಟಲ್ಲಿ ಅತ್ತೆ?”

“ಎಲ್ಲದ್ರಲ್ಲೂ.”

ಅರ್ಧ ಪಿಂಚಣಿ ಹಾಳಾಗಲಿ, ಇಷ್ಟು ವರ್ಷದ ತಪ್ಪಿಗೆ ವಿಚಾರಣೆ ಅಂತ ಕೂರಿಸಿದರೆ? “ದಮ್ಮಯ್ಯ, ಬಾಯಿ ಬಿಡಬೇಡಿ” ಎಂದೆ. ಅತ್ತೆ ಹೂಂ ಎಂದರು. ಅವರ ಹೂಂ ಅನ್ನು ನಂಬಿ ನಾನು ಮೊದಲೂ ಕೆಟ್ಟಿದ್ದೇನೆ.

ಮರುದಿನ ಸೇನೆಯ ಅಧಿಕಾರಿಯೊಬ್ಬರು ಕಾರ್ಖಾನೆಗೇ ಬರುವವರಿದ್ದರು. ಅತ್ತೆ ಕನ್ನಡಕ ಮರೆತು ಹೋಗಿದ್ದರು. ಮಗುವನ್ನು ಸೊಂಟಕ್ಕೇರಿಸಿ, ಕನ್ನಡಕವನ್ನು ಚೀಲಕ್ಕೆ ಹಾಕಿಕೊಂಡು ಓಡಿದೆ. ಹೊಲಿಗೆಯ ಹಾಲಿನಲ್ಲಿ ಮಷೀನುಗಳೆಲ್ಲ ನಿಂತಿದ್ದವು. ನಡುವಿನ ಮೇಜಿನ ಮೇಲೆ ಒಂದು ಹಳೆಯ ಜಾಕೀಟು, ಅದರ ಮುಂದೆ ಅಧಿಕಾರಿ, ಪಕ್ಕದಲ್ಲಿ ಒಬ್ಬ ಸೈನಿಕ.

ಸೈನಿಕ ಎಡಜೇಬಿನ ಹಿಂದೆ ಎರಡು ಬೆರಳು ತೂರಿಸಿ ಒಂದು ಪುಟ್ಟ ಕಾಲುಚೀಲ ಹೊರಗೆಳೆದ. ಕೈಗೂಸಿನದು. “ಹೊಸದ್ರಲ್ಲಿ ಎಲ್ಲಕ್ಕೂ ಜಾಗ ಇದೆ ಸಾರ್. ಇದಕ್ಕೇ ಇಲ್ಲ” ಎಂದ. ನಾನು ಯಾಕೋ ನನ್ನ ಮಗುವಿನ ಪಾದ ಮುಟ್ಟಿ ನೋಡಿಕೊಂಡೆ.

“ಇದನ್ನ ಮಾಡ್ತಿದ್ದದ್ದು ಯಾರು?” ಅಧಿಕಾರಿ ಕೇಳಿದರು.

ಸೂಪರ್‌ವೈಸರ್ ನಕ್ಷೆ ನೋಡಿದ. ಬಲಜೇಬು ಫ್ಯಾನು ನೋಡಿದಳು. ನಾನು ಕಂಬದ ಮರೆಯಿಂದ ಬೇಡ ಬೇಡ ಎಂದು ಕೈ ಆಡಿಸಿದೆ. ಆದರೆ ಅತ್ತೆಗೆ ಅದು ಕಾಣಬೇಕಾದರೆ ಕನ್ನಡಕ ಬೇಕು, ಕನ್ನಡಕ ನನ್ನ ಚೀಲದ ತಳದಲ್ಲಿ ಎರಡು ಬದಲಿ ಬಟ್ಟೆಯ ಅಡಿಯಲ್ಲಿತ್ತು.

ಅತ್ತೆ ಎದ್ದು ನಿಂತರು. “ನಾನೇ ಸಾರ್. ಅದು ಜೇಬಲ್ಲ, ತಪ್ಪು. ಆ ಮೂಲೆ ಹೊಲೀದೆ ಬಿಡ್ತಿದ್ದೆ.”

ಅಧಿಕಾರಿ ಮುಖ ಗಂಟಿಕ್ಕಿದರು. “ವರದಿಯಲ್ಲಿ ಎಲ್ಲರೂ ಹೊಗಳಿರೋದು ಇದೊಂದನ್ನೇ. ಮೇಲಿನವರು ಓದಿ ಮೆಚ್ಚಿದ್ದಾರೆ. ಈಗ ಇದು ತಪ್ಪು ಅಂತ ನಾನು ಹೇಗಮ್ಮ ಹೇಳಲಿ?”

“ಅವರಿಗೆ ವಿನಯ ಜಾಸ್ತಿ ಸಾರ್” ಎಂದ ಸೂಪರ್‌ವೈಸರ್ ತಕ್ಷಣ.

“ವಿನಯಾನಾ? ಸೋಮಾರಿತನ!” ಎಂದಳು ಬಲಜೇಬು. ಎಲ್ಲರೂ ಅದನ್ನು ತಮಾಷೆ ಎಂದುಕೊಂಡು ನಕ್ಕರು. ಅಧಿಕಾರಿಯೂ ನಕ್ಕರು. ಅತ್ತೆ ಇನ್ನೊಮ್ಮೆ ತಪ್ಪು ಒಪ್ಪಿಕೊಳ್ಳಲು ಹೋದರು, ಅಷ್ಟರಲ್ಲಿ ಶುರುವಾದ ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಒಂದು ಸಮಿತಿ ಕೂತಿತು. ಒಳಜೇಬಿಗೂ ನಕ್ಷೆ ಬಂತು. ಹೊಸ ಉಡುಪಿಗೆ ಜೇಬು ಹೊಲಿಯುವಂತಿಲ್ಲವಾದ್ದರಿಂದ ಒಳಜೇಬನ್ನು ಹೊರಗೆ ಸಿಕ್ಕಿಸುವುದೆಂದು ತೀರ್ಮಾನವಾಯಿತು. ಅಂಗೈ ಅಗಲದ ಚೀಲ, ಮೇಲೆ ಚರ್ರನೆ ಕೀಳುವ ವೆಲ್ಕ್ರೋ ಮುಚ್ಚಳ. ಮಾದರಿ ಹೊಲಿಯಲು ಅತ್ತೆಯನ್ನು ಕೆಲವು ತಿಂಗಳು ಉಳಿಸಿಕೊಂಡರು. ಅದು ಮುಗಿದರೆ ಮತ್ತೆ ಮನೆಯೇ. ನಾನು ಮತ್ತೆ ನಿದ್ದೆಗೆಟ್ಟೆ.

ಮುಚ್ಚಳದ ಚೀಲದಲ್ಲಿ ಸೈನಿಕರು ಬೀಡಿ ಇಟ್ಟರೋ ಬಿಸ್ಕತ್ತು ಇಟ್ಟರೋ ಗೊತ್ತಿಲ್ಲ. ಆದರೆ ಅತ್ತೆಯ ಗಡುವು ಮುಗಿಯುವ ಮೊದಲೇ ಹೊಸ ಉಡುಪುಗಳು ಒಂದೊಂದಾಗಿ ರಿಪೇರಿಗೆ ಬರತೊಡಗಿದವು. ಎಲ್ಲದರಲ್ಲೂ ಹಾನಿ ಒಂದೇ ಕಡೆ. ಎಡಗಡೆ, ಒಳಗೆ, ಅಸ್ತರಿಯ ಹೊಲಿಗೆ ಎರಡು ಬೆರಳಿನಷ್ಟು ಬಿಟ್ಟಿತ್ತು. ಸೈನಿಕರೇ ಬ್ಲೇಡಿನಿಂದ ಕೊಯ್ದದ್ದು ಕುರುಡನಿಗೂ ಕಾಣುವಂತಿತ್ತು. ಆದರೆ ಸಮಿತಿ ಅದನ್ನು ಸವೆತ ಎಂದು ಕರೆಯಿತು. ಇಂಥ ಸವೆತಕ್ಕೆ ಎಡಗಡೆ ಅನುಭವ ಇರುವವರೇ ಬೇಕೆಂದು ಸೂಪರ್‌ವೈಸರ್ ಅತ್ತೆಯನ್ನು ರಿಪೇರಿ ವಿಭಾಗಕ್ಕೆ ಹಾಕಿಸಿದ. ಸವೆಯುವ ವೇಗ ನೋಡಿದರೆ ಒಂದು ವರ್ಷವಲ್ಲ, ಹತ್ತು ವರ್ಷಕ್ಕಾಗುವಷ್ಟು ಕೆಲಸವಿತ್ತು.

ಮೊನ್ನೆ ಊಟದ ಡಬ್ಬಿ ಕೊಡಲು ಹೋದಾಗ ನೋಡಿದೆ. ಅತ್ತೆಯ ಮುಂದೆ ಫಳಫಳ ಹೊಳೆಯುವ ಹೊಸ ಮಷೀನು. ಹರಿದದ್ದರ ಸುತ್ತ ಮೂರು ಕಡೆ ಕಬ್ಬಿಣದಂಥ ಹೊಲಿಗೆ ಹಾಕಿ, ದಾರ ಕತ್ತರಿಸಿ, ಉಡುಪನ್ನು ಪಾಸಾದದ್ದರ ರಾಶಿಗೆ ಎಸೆದರು.

“ಅತ್ತೆ, ನಾಲ್ಕನೇ ಕಡೆ?” ಪಿಸುಗುಟ್ಟಿದೆ.

“ಏನ್ಮಾಡ್ಲಿ” ಎಂದರು ಅತ್ತೆ, ಮುಂದಿನ ಉಡುಪು ಎಳೆದುಕೊಳ್ಳುತ್ತಾ. “ಹಾಳಾದ್ದು, ಈ ಮಷೀನಿನ ಪಾದಾನೂ ಅಲ್ಲಿ ತಿರುಗಲ್ಲ ಕಣೆ.”