ಕಾಣದ ಕರುಳಿಗೆ ‘ನಾರ್ಮಲ್’ ಎಂಬ ವರದಿ

ಆದಿವಾಲ ಹಳ್ಳಿಯ ನನ್ನಕ್ಕನಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದ ವಾರವೇ ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿ ಮಾಡಿಸಿದೆ. ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ ಅದು. ಒಳಗೆ ಗಡ್ಡೆ ಇದೆಯೋ ಇಲ್ಲವೋ, ನಮಗೆ ತಿಳಿಯಬೇಕಿದ್ದದ್ದು ಅಷ್ಟೇ.

ವರದಿ ಬೇಗ ಬಂತು. ‘ನಾರ್ಮಲ್’ ಎಂದಿತ್ತು. ಅದರಲ್ಲಿದ್ದ ನಾಲ್ಕು ಚಿತ್ರಗಳ ಪೈಕಿ ಮೂರರಲ್ಲಿ ಕರುಳಿನ ಗೋಡೆಯೇ ಕಾಣುತ್ತಿರಲಿಲ್ಲ. ಕಂದು ರಾಡಿ ಮೆತ್ತಿಕೊಂಡಿತ್ತು. ವೈದ್ಯರ ಕೊಠಡಿಗೆ ವಾಪಸು ಹೋದೆವು.

“ಹೊಟ್ಟೆ ಕ್ಲೀನ್ ಆಗಿಲ್ಲ. ಹಳ್ಳಿಯೋರು ಹೇಳಿದ್ದು ಕೇಳಲ್ಲ,” ಎಂದರು ವೈದ್ಯರು, ಫೋನಿನಿಂದ ಕಣ್ಣೆತ್ತದೆ.

ಅಕ್ಕ ಬಿಡಲಿಲ್ಲ. “ಕೇಳೀನಿ ಸ್ವಾಮಿ. ಗಟ್ಟಿ ಏನೂ ಬ್ಯಾಡ, ನೀರಂಗಿರೋದು ಕುಡೀರಿ ಅಂದ್ರು ನಿಮ್ಮ ಸಿಸ್ಟರಮ್ಮ. ಎರಡು ಚೊಂಬು ರಾಗಿ ಅಂಬ್ಲಿ ಕುಡ್ದೆ. ನಿಮ್ಮ ಮನೇಲಿ ಅಂಬ್ಲಿನ ಅಗಿದು ತಿಂತೀರೇನು?”

ತಪ್ಪು ನನ್ನದೂ ಇದೆ. “ಅಂಬ್ಲಿ ನಡೀತೈತೇನೋ?” ಎಂದು ಹಿಂದಿನ ದಿನ ಅಕ್ಕ ಫೋನ್ ಮಾಡಿದಾಗ ನಡೆಯುತ್ತದೆ ಎಂದವನು ನಾನು. ಸೂಚನೆಗಳ ಇಂಗ್ಲಿಷ್ ಹಾಳೆ ನನ್ನ ಜೇಬಿನಲ್ಲೇ ಇತ್ತು. ‘ದ್ರವ’ ಎಂಬಲ್ಲಿಯವರೆಗೆ ಓದಿ ಮಡಚಿದ್ದೆ. ಆಚೆ ಬದಿ ಕಾಣುವಷ್ಟು ತಿಳಿಯಾದ ದ್ರವ ಮಾತ್ರ ಎಂದು ಮುಂದಿನ ಸಾಲಿನಲ್ಲಿತ್ತು.

ಆದರೆ ರಾಡಿ ಕಂಡ ಮೇಲೆ, ಕರುಳು ಶುಚಿಯಾಗಿಲ್ಲ, ಮತ್ತೆ ಮಾಡಬೇಕು ಎಂದು ಬರೆಯಲು ಏನು ಅಡ್ಡಿ?

“ಕಾಣದ್ದನ್ನ ನಾರ್ಮಲ್ ಅಂತ ಹೇಗೆ ಬರೆದ್ರಿ?” ಎಂದೆ.

“ನೀವು ಡಾಕ್ಟ್ರಾ?”

“ಅಲ್ಲ. ಅದಕ್ಕೇ ಕೇಳ್ತಿದೀನಿ.”

“ಮೂಲವ್ಯಾಧಿ ಇರ್ಬೋದು. ಮುಲಾಮು ಬರ್ದಿದೀನಿ,” ಎಂದು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಎರಡನೇ ಸಲದ ಪರೀಕ್ಷೆಗೆ ದಾವಣಗೆರೆಯ ಇನ್ನೊಂದು ಆಸ್ಪತ್ರೆಗೆ ಹೋದೆವು. ಅಲ್ಲಿನ ಸಿಸ್ಟರ್ ಕನ್ನಡದಲ್ಲಿ ಹೇಳಿದರು: “ಗಾಜಿನ ಲೋಟಕ್ಕೆ ಹಾಕಿ ನೋಡ್ರಿ ಅಮ್ಮ. ಹಿಂದೆ ಹಿಡಿದ ಬೆರಳು ಕಂಡ್ರೆ ಕುಡೀರಿ, ಇಲ್ಲಾಂದ್ರೆ ಬ್ಯಾಡ.” ಭೇದಿ ಔಷಧಿಯನ್ನು ಅರ್ಧ ಸಂಜೆಗೆ, ಅರ್ಧ ಬೆಳಗಿನ ಜಾವಕ್ಕೆ ಕೊಟ್ಟರು. ರಕ್ತ ತೆಳುಮಾಡುವ ಮಾತ್ರೆ ತಗೋತೀರಾ ಎಂದು ಎರಡು ಬಾರಿ ಕೇಳಿದರು. ಮಂಪರು ಬರಿಸುವ ಮುನ್ನ ಆಮ್ಲಜನಕ ಅಳೆಯಲು ಬೆರಳಿಗೆ ಕ್ಲಿಪ್ ಹಾಕಿದರು.

“ಒಳಗೆ ಹೋಗೋದು ಬರೀ ದಾರಿ. ನೋಡೋದೆಲ್ಲ ವಾಪಸ್ ಬರುವಾಗ, ನಿಧಾನಕ್ಕೆ, ಒಂದೊಂದು ಮಡಿಕೆ ಬಿಡಿಸಿ. ಆರು ನಿಮಿಷಕ್ಕಿಂತ ಬೇಗ ಹೊರಗೆ ಬಂದ್ರೆ ಅದು ನೋಡಿದಂಗಲ್ಲ,” ಎಂದರು ಅಲ್ಲಿನ ವೈದ್ಯೆ. ಕೊಳವೆ ದೊಡ್ಡ ಕರುಳಿನ ಆಚೆ ತುದಿ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಆ ಜಾಗದ ಚಿತ್ರ ತೋರಿಸಿದರು. ಮೊದಲ ವರದಿಯಲ್ಲಿ ಅಂಥ ಚಿತ್ರವೇ ಇರಲಿಲ್ಲ.

ಒಂದು ಮಡಿಕೆಯ ಹಿಂದೆ ಅವರೆಕಾಳಿನಷ್ಟು ಗಡ್ಡೆ ಸಿಕ್ಕಿತು. ತಂತಿಯ ಕುಣಿಕೆ ಹಾಕಿ ತೆಗೆದು ಲ್ಯಾಬಿಗೆ ಕಳಿಸಿದರು. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಆಗಬಹುದಿತ್ತು ಎಂದು ಉತ್ತರ ಬಂತು. ಅಕ್ಕ ಅತ್ತಳು, ಆಮೇಲೆ ಹಸಿವಾಗುತ್ತಿದೆ ಎಂದಳು.

ಎರಡೂ ವರದಿಗಳ ಪ್ರತಿಯೊಂದಿಗೆ ಮೊದಲ ಆಸ್ಪತ್ರೆಗೆ ಹೋಗಿ, ‘ನಾರ್ಮಲ್’ ಎಂಬುದನ್ನು ತಿದ್ದಿ ಎಂದು ಅರ್ಜಿ ಕೊಟ್ಟೆ. ಕೌಂಟರಿನಾಕೆ ಕಂಪ್ಯೂಟರ್ ನೋಡಿ, “ರಿಪೋರ್ಟ್ ಲಾಕ್ ಆಗೈತೆ ಸರ್, ತಿದ್ದಾಕ್ ಬರಲ್ಲ. ನಿಮ್ಮ ಪೇಷಂಟ್ ಈಗ ಆರಾಮ್ ಅದಾರಲ್ಲ, ಬಿಡ್ರಿ,” ಎಂದಳು.

ಬಿಡಲಿಲ್ಲ. ಅರ್ಜಿ ತಲುಪಿದೆ ಎಂದು ಸೀಲು ಹಾಕಿಸಿಕೊಂಡು ಹೊರಗೆ ಬಂದೆ.