ಬಾವಿ ಪಕ್ಕದ ಸಮಾಧಿ

ಕೂಟಗಲ್ ಕಡೆಯ ಹಳೆಯ ಎಸ್ಟೇಟೊಂದು ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿತ್ತು. ಅದರ ಚರಿತ್ರೆ ಬರೆದುಕೊಡುವ ಕೆಲಸ ನನ್ನದು. ಬಂಗಲೆ, ರೇಷ್ಮೆಹುಳು ಸಾಕುತ್ತಿದ್ದ ಮನೆ, ಹಿಪ್ಪುನೇರಳೆ ತೋಟ ಎಲ್ಲ ನೋಡಿ ಬಾವಿಯ ಹತ್ತಿರ ಬಂದೆ. ಅಲ್ಲಿ ಸುಣ್ಣ ಬಳಿದ ಸಮಾಧಿಯೊಂದಕ್ಕೆ ತೋಟದ ಕೆಲಸದ ಸಾಕಮ್ಮ ಕಣಗಿಲೆ ಹೂವು ಇಡುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು.

“ನಮ್ಮಪ್ಪಂದು ಸಾ. ಈ ಬಾವಿ ತೋಡುವಾಗ ಮಣ್ಣು ಕುಸಿದು ಹೋಗ್ಬುಟ್ನಂತೆ. ನಾನಿನ್ನೂ ಕೂಸು. ಯಜಮಾನ್ರೇ ಕಲ್ಲು ಹಾಕ್ಸವ್ರೆ ಅಂತ ನಮ್ಮವ್ವ ತೋರ್ಸಿದ್ಲು. ವರ್ಷಾ ವರ್ಷಾ ನಾನೇ ಸುಣ್ಣ ಹೊಡೀತೀನಿ.”

ಸುಣ್ಣ ಒಂದು ಕಡೆ ಚಕ್ಕೆಯೆದ್ದು ಅಕ್ಷರ ಕಾಣುತ್ತಿತ್ತು. ಅವರೇ ನೀರು ತಂದುಕೊಟ್ಟರು, ನಾನು ಕೆರೆದೆ. ಇಂಗ್ಲಿಷ್ ಸಾಲೊಂದು ಮೂಡಿತು.

“ನಮ್ಮಪ್ಪನ ಹೆಸರೈತಾ ಸಾ? ಒಸಿ ಓದಿ.”

ಸುಳ್ಳು ಹೇಳಬಹುದಿತ್ತು. ಆದರೆ ಇನ್ನು ಸ್ವಲ್ಪ ದಿನಕ್ಕೆ ಅಲ್ಲೇ ಇದನ್ನು ಕನ್ನಡದಲ್ಲಿ ಬರೆದ ಫಲಕ ಬರುವುದಿತ್ತು.

“ಇದು ಯಜಮಾನರು ಸಾಕಿದ್ದ ನಾಯೀದು ಕಣಮ್ಮ,” ಅಂದೆ.

ಸಾಕಮ್ಮ ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. “ಹಂಗಾರೆ ನಮ್ಮಪ್ಪನ್ನ ಎಲ್ಲಿ ಮಣ್ಣು ಮಾಡವ್ರೆ?”

ಅವರು ಹೂವು ಬಾಚಿ ಸೆರಗಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಹೋದರು. ಆಮೇಲೆ ಏನನಿಸಿತೋ, ತಿರುಗಿ ಬಂದು ಅಲ್ಲೇ ಇಟ್ಟರು. “ಇದ್ಕೇನ್ ಗೊತ್ತು, ಪಾಪ.”

ಮುಂದಿನ ವಾರ ಬಂದ ಅಧಿಕಾರಿಗಳು, ಸಮಾಧಿಯನ್ನು ಇಷ್ಟು ಚೆನ್ನಾಗಿ ಕಾಪಾಡಿಕೊಂಡು ಬಂದಿದ್ದಕ್ಕೆ ಎಸ್ಟೇಟ್ ಮಾಲೀಕರ ಕೈಕುಲುಕಿದರು.